ಮೆಟ್ಟಿಲ ಬುಡದ ಸಹಿ ಪುಸ್ತಕ

ಸೀಟಿ ಮೇಷ್ಟ್ರಿಗೆ ಜನವೆಂದರೆ ಅಷ್ಟಕ್ಕಷ್ಟೆ. ಅಗ್ನಿಶಾಮಕ ಠಾಣೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತರಾದ ಮೇಲೆ, ಬೆಂಕಿ ಬಿದ್ದಾಗ ಏನು ಮಾಡಬೇಕೆಂದು ಊರಿನ ಕಾರ್ಖಾನೆಗಳವರಿಗೆ ಹೇಳಿಕೊಡುವುದೇ ಅವರ ಕಸುಬಾಯಿತು. ಹೇಳಿಕೊಡುವುದೆಂದರೆ ಸೀಟಿ ಊದಿ ಬೈಯುವುದು. ಹೊಗೆ ಕಂಡರೆ ಬಗ್ಗಿ ನಡೆಯಿರಿ ಅಂದರೆ ಹೆಂಗಸರು ಮುಸಿಮುಸಿ ನಗುತ್ತಿದ್ದರು, ಗಂಡಸರು ಸೊಂಟ ಹಿಡಿದಿದೆ ಎನ್ನುತ್ತಿದ್ದರು. ಹೋದ ಕಡೆಯಲ್ಲೆಲ್ಲ ಮ್ಯಾನೇಜರ್ ಎಂಬ ಮಹಾಶಯ ಬೆಂಕಿ ಆರಿಸುವ ಸಿಲಿಂಡರಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಒಳಗೆ ಹೋಗಿಬಿಡುತ್ತಿದ್ದ.

"ಇವಕ್ಕೆ ತಲೇಲಿ ಏನಿದೆ ಅಂತೀಯ? ಬರೀ ಹೊಟ್ಟು," ಎಂದು ಮೇಷ್ಟ್ರು ಮನೆಗೆ ಬಂದು, ಷೂ ಬಿಚ್ಚುತ್ತಾ ಮಗಳ ಮುಂದೆ ಕಾರಿಕೊಳ್ಳುತ್ತಿದ್ದರು.

ಮಗಳು ಒಂದು ಬಟ್ಟೆ ಕಾರ್ಖಾನೆಯ ಮೂರನೇ ಮಹಡಿಯಲ್ಲಿ ಬಟ್ಟೆ ಕತ್ತರಿಸುವವಳು. ಅಲ್ಲಿಯೂ ಕಲಿಸುವವರು ಇವರೇ. ಅಂದಮೇಲೆ ಆ ಹೊಟ್ಟಿನ ಲೆಕ್ಕದಲ್ಲಿ ಅವಳೂ ಇದ್ದಳು. ಮಹಾನುಭಾವರಿಗೆ ಅದು ಹೊಳೆದಿರಲಿಲ್ಲ.

ಆ ಕಾರ್ಖಾನೆಯಲ್ಲಿ ತಿಂಗಳ ಮೊದಲ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಭ್ಯಾಸ. ಸೈರನ್ ಕೂಗಿದೊಡನೆ ಎಲ್ಲರೂ ಇಳಿದು ಬರಬೇಕು. ಮೆಟ್ಟಿಲ ಬುಡದಲ್ಲಿ, ಬಾಗಿಲಿಗೆ ಅಡ್ಡವಾಗಿ ಒಂದು ಮೇಜು, ಮೇಜಿನ ಮೇಲೆ ಪುಸ್ತಕ. ಸಹಿ ಹಾಕಿ ಹೊರಗೆ ಹೋಗಬೇಕು. ಹಾಕದೆ ಜಾರಿಕೊಂಡವರನ್ನು ಮೇಷ್ಟ್ರು ವಾಪಸು ಕರೆಸಿ ಮೂರು ಮಹಡಿ ಹತ್ತಿಸಿ ಇಳಿಸುತ್ತಿದ್ದರು. ಇಸ್ತ್ರಿ ಹಾಕುವ ದಪ್ಪ ಹೆಂಗಸೊಬ್ಬಳು ಹಾಗೆ ಹತ್ತಿಳಿದು, ಮಂಡಿ ಹಿಡಿದು ಕೂತು ಅತ್ತ ಮೇಲೆ ಒಬ್ಬರೂ ಸಹಿ ಮರೆಯಲಿಲ್ಲ. ಮೇಷ್ಟ್ರು ಇದಕ್ಕೆ ಶಿಸ್ತು ಎಂದು ಹೆಸರಿಟ್ಟಿದ್ದರು.

"ಅಪ್ಪ, ಆ ಪುಸ್ತಕ ಹೊರಗೆ ಅಂಗಳದಲ್ಲಿಡು. ಬಾಗಿಲಲ್ಲಿ ಜನ ಸಿಕ್ಕಾಕಿಕೊಳ್ತಾರೆ," ಎಂದು ಮಗಳು ಒಮ್ಮೆ ಹೇಳಿದ್ದಳು.

"ಅಂಗಳದಲ್ಲಿಟ್ರೆ ಒಬ್ಬರದ್ದು ಇನ್ನೊಬ್ಬರು ಗೀಚ್ತಾರೆ. ನಿಮ್ಮವರ ಬುದ್ಧಿ ನಂಗೊತ್ತಿಲ್ವಾ? ನೀನು ಕತ್ತರಿ ನೋಡ್ಕೋ, ಬೆಂಕಿ ನಂಗೆ ಬಿಡು."



ಮುಂದಿನ ಗುರುವಾರ ಮೇಷ್ಟ್ರು ಮೇಜು ಹಾಕಿ, ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾಗಲೇ ಸೈರನ್ ಕೂಗಿತು. ಹನ್ನೊಂದಾಗಲು ಇನ್ನೂ ಹತ್ತು ನಿಮಿಷವಿತ್ತು. ಹೊತ್ತಿಗೆ ಮೊದಲೇ ಸೈರನ್ ಒತ್ತಿದನೆಂದು ವಾಚ್‌ಮನ್‌ನನ್ನು ಶಪಿಸುತ್ತಾ ತಲೆಯೆತ್ತಿದರು. ಸುಟ್ಟ ವೈರಿನ ವಾಸನೆ ಮೂಗಿಗೆ ಬಡಿಯಿತು. ಎರಡನೇ ಮಹಡಿಯ ಇಸ್ತ್ರಿ ವಿಭಾಗದಿಂದ ಕಪ್ಪು ಹೊಗೆ ಮೆಟ್ಟಿಲಿಗೆ ನುಗ್ಗುತ್ತಿತ್ತು.

ಜನ ಬಂದರು. ಬಂದವರು ಅಚ್ಚುಕಟ್ಟಾಗಿ ಮೇಜಿನ ಮುಂದೆ ಸಾಲು ನಿಂತರು.

"ಹೊರಗೆ ನಡೀರಿ, ನಿಜವಾದ ಬೆಂಕಿ," ಎಂದು ಮೇಷ್ಟ್ರು ಕೂಗಿದರು.

"ಪ್ರತೀ ಸಲಾನೂ ನಿಜ ಅಂತೀರಲ್ಲ ಸರ್," ಎಂದು ಹಿಂದಿನಿಂದ ಯಾರೋ ಹೇಳಿ ಕೆಮ್ಮಿದರು.

ಸಾಲಿನ ಮೊದಲಿಗೆ ಅದೇ ದಪ್ಪ ಹೆಂಗಸು. ಕಣ್ಣಲ್ಲಿ ಧಾರಾಕಾರ ನೀರು, ಕೈ ಮಾತ್ರ ಪೆನ್ನಿನ ಮೇಲೆ. "ಸಹಿ ಹಾಕ್ಬಿಟ್ಟೇ ಹೋಗ್ತೀನಿ. ಮತ್ತೆ ಹತ್ಸಿದ್ರೆ ನನ್ ಕೈಲಾಗಲ್ಲ."

ಮೇಷ್ಟ್ರು ಮೆಟ್ಟಿಲಿನತ್ತ ನೋಡಿದರು. ಸಾಲು ತಿರುವು ದಾಟಿ ಹೊಗೆಯೊಳಗೆ ಹೋಗಿತ್ತು. ಅದರ ಕೊನೆಯಲ್ಲಿ ಮೂರನೇ ಮಹಡಿ, ಅಲ್ಲಿ ಮಗಳು. ಪುಸ್ತಕ ಕಿತ್ತುಕೊಂಡು ಬಾಗಿಲಾಚೆಗೆ ಬಲವಾಗಿ ಎಸೆದರು, ಮೇಜನ್ನು ಗೋಡೆಗೆ ಒದ್ದರು. ಪುಸ್ತಕದ ಹಿಂದೆಯೇ ಇಡೀ ಸಾಲು ಅಂಗಳಕ್ಕೆ ಓಡಿತು.

ಮೇಷ್ಟ್ರು ಒಬ್ಬೊಬ್ಬರ ಮುಖ ನೋಡುತ್ತಾ ಬಾಗಿಲಲ್ಲೇ ನಿಂತರು. ಮಗಳು ಬರಲಿಲ್ಲ. ಮೆಟ್ಟಿಲು ಖಾಲಿಯಾಯಿತು. ಅವರು ಮೂಗಿಗೆ ಕರವಸ್ತ್ರ ಹಿಡಿದು ಮೇಲೆ ಹತ್ತಲು ಕಾಲೆತ್ತುವಷ್ಟರಲ್ಲಿ ಅವಳು ಕಂಡಳು. ಮುಖಕ್ಕೆ ಒದ್ದೆ ಬಟ್ಟೆ ಒತ್ತಿಕೊಂಡು, ಅವರು ಹೇಳಿಕೊಟ್ಟಂತೆಯೇ ಬಗ್ಗಿ, ಗೋಡೆ ಹಿಡಿದು ಇಳಿಯುತ್ತಿದ್ದಳು. ಅವರು ಅವಳ ರಟ್ಟೆ ಹಿಡಿದು ಹೊರಗೆಳೆದರು.

ಅಂಗಳದಲ್ಲಿ ಮಸಿ ಬೆರಳುಗಳು ಪೆನ್ನು ದಾಟಿಸುತ್ತಾ ಇನ್ನೂ ಸಹಿ ಹಾಕುತ್ತಿದ್ದವು. ಮಗಳು ಬಹಳ ಹೊತ್ತು ಕೆಮ್ಮಿದಳು. ಆಮೇಲೆ ಆ ಕಡೆ ನೋಡಿ ಕೇಳಿದಳು: "ನಾನೂ ಸಹಿ ಹಾಕ್ಲಾ ಅಪ್ಪ, ಇಲ್ಲ ಇನ್ನೊಂದ್ಸಲ ಹತ್ತಿ ಇಳೀಲಾ?"

ಮೇಷ್ಟ್ರು ಅಭ್ಯಾಸಬಲದಿಂದ ಬಾಯಿ ತೆರೆದರು. ಬೈಸಿಕೊಳ್ಳಬೇಕಾದವರು ಆ ಅಂಗಳದಲ್ಲಿ ಅವರೊಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ.