ಹೆಸರು ಹೇಳಬಾರದ ಸೊಪ್ಪು

ಅಪ್ಪ ಹೋದ ಮೇಲೆ ಅಮ್ಮನಿಗೆ ನಿದ್ದೆ ಹತ್ತುತ್ತಿರಲಿಲ್ಲ. ರಾತ್ರಿಯಿಡೀ ಕೂತು ಹೂಬತ್ತಿ ಮಾಡುತ್ತಿದ್ದಳು. ಬೆಳಿಗ್ಗೆ ದೇವರ ಗೂಡಿನ ಸ್ಟೀಲ್ ಡಬ್ಬಿ ತುಂಬಿದ್ದರೆ ಅವಳು ಕಣ್ಣು ಮುಚ್ಚಿಲ್ಲವೆಂದು ನನಗೆ ತಿಳಿಯುತ್ತಿತ್ತು. ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಯಲ್ಲಿ ಆಗ ಮೂರು ತಲೆಮಾರಿಗಾಗುವಷ್ಟು ಬತ್ತಿ ಇದ್ದವು.

ಕೊನೆಗೆ ಭದ್ರಾವತಿಯ ದೊಡ್ಡಮ್ಮನೇ, ಅಂದರೆ ಅಮ್ಮನ ಅಕ್ಕ, ನಮ್ಮನ್ನು ಕರೆಸಿಕೊಂಡಳು. ಕಾರ್ಖಾನೆಯ ಹಳೇ ಕ್ವಾರ್ಟರ್ಸಿನ ತಮಿಳು, ತೆಲುಗು ಮನೆಗಳಲ್ಲೆಲ್ಲ ಅವಳ ಕೈಗುಣಕ್ಕೆ ಹೆಸರಿತ್ತು. ಬೆಳಿಗ್ಗೆ ಯಾರೊಂದಿಗೂ ಮಾತಾಡದೆ ನಾಲೆಯ ದಡಕ್ಕೆ ಹೋಗಿ ಸೊಪ್ಪು ತರಬೇಕು, ನೆರಳಲ್ಲಿ ಒಣಗಿಸಿ ಪುಡಿ ಮಾಡಬೇಕು, ಸೊಪ್ಪಿನ ಹೆಸರು ಮಾತ್ರ ಹೇಳಬಾರದು. ಹೇಳಿದರೆ ಮದ್ದು ಕೆಲಸ ಮಾಡುವುದಿಲ್ಲ. ಇದು ಅವಳ ಅತ್ತೆಯಿಂದ ಬಂದ ಕಟ್ಟಳೆ.

ಪ್ರತಿ ಭಾನುವಾರ ಅಮ್ಮನನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದೆ. ದೊಡ್ಡಮ್ಮ ಅವಳ ನೆತ್ತಿಗೆ ಎಣ್ಣೆ ತಟ್ಟುತ್ತ, ತವರಿನ ಕಳ್ಳ ಎಮ್ಮೆಯ ಕಥೆ ಹೇಳಿ ನಗಿಸಿ, ವಾರಕ್ಕಾಗುವಷ್ಟು ಪುಡಿ ಕಾಗದದಲ್ಲಿ ಕಟ್ಟಿಕೊಡುತ್ತಿದ್ದಳು. ಮೂರನೇ ವಾರದಿಂದ ಡಬ್ಬಿ ಖಾಲಿಯಾಗತೊಡಗಿತು. ಅಮ್ಮ ಗೊರಕೆ ಹೊಡೆಯುತ್ತಿದ್ದಳು! ನಾನು ಅಷ್ಟಕ್ಕೆ ಸುಮ್ಮನಿರಬಹುದಿತ್ತು.

ಆದರೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಗೊತ್ತಿರುವುದನ್ನು ಹೇಳದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಒಂದು ಭಾನುವಾರ ಹಿತ್ತಲಿನ ಮೊರದಲ್ಲಿ ಒಣಗುತ್ತಿದ್ದ ಎಲೆಯೊಂದನ್ನು ಹಿಡಿದುಕೊಂಡೇ ಒಳಗೆ ಬಂದೆ.

"ಅಮ್ಮಾ, ಇದು ಒಂದೆಲಗ ಕಣೇ! ನಾವು ತಂಬುಳಿ ಮಾಡ್ತೀವಲ್ಲ, ಅದೇ. ಇದಕ್ಕೆ ಇಷ್ಟೊಂದು ಗುಟ್ಟು!"

ನೆತ್ತಿ ತಟ್ಟುತ್ತಿದ್ದ ಕೈ ನಿಂತಿತು. ದೊಡ್ಡಮ್ಮ ಬೈಯಲಿಲ್ಲ. "ಗೊತ್ತಾಯ್ತಲ್ಲ ಮಾರಾಯ್ತಿ, ಇನ್ಮೇಲೆ ನೀನೇ ಮಾಡ್ಕೊಡು" ಎಂದಳು. ಅಮ್ಮ ಬಸ್ಸಿನಲ್ಲಿ ಶಿವಮೊಗ್ಗ ಬರುವವರೆಗೂ ನನ್ನ ಮುಖ ನೋಡಲಿಲ್ಲ.

ನಾನು ಮಾಡಿದೆ. ಅದೇ ದಡದ ಸೊಪ್ಪು, ಅದೇ ಅಳತೆ. ಮಿಕ್ಸಿಯಲ್ಲಿ ಪುಡಿ ಇನ್ನೂ ನುಣ್ಣಗೆ ಬಂತು. ಅಮ್ಮ ದಿನಾ ಹಾಲಿಗೆ ಹಾಕಿಕೊಂಡು ಕುಡಿದಳು. ಡಬ್ಬಿ ಮತ್ತೆ ತುಂಬತೊಡಗಿತು. ಭದ್ರಾವತಿಗೆ ಹೋಗೋಣವೆಂದರೆ "ಯಾವ ಮುಖ ಇಟ್ಕೊಂಡು ಹೋಗ್ಲಿ?" ಎನ್ನುತ್ತಿದ್ದಳು.

ಒಬ್ಬಳೇ ಹೋಗಿ ದೊಡ್ಡಮ್ಮನಿಗೆ ತಪ್ಪಾಯಿತು ಎಂದೆ. "ನಿನ್ ಮೇಲೆ ಸಿಟ್ಟಿಲ್ಲ ಕಣೇ" ಎಂದಳು. "ಈಗ ನಂಗೇ ನಂಬಿಕೆ ಬರ್ತಿಲ್ಲ. ನಂಬಿಕೆ ಇಲ್ದೆ ಹೆಂಗೆ ಕೊಡ್ಲಿ?" ಮನೆಗೆ ಬಂದವಳೇ ಅಮ್ಮನ ಮುಂದೆ ಕೂತು ಅತ್ತುಬಿಟ್ಟೆ. ಎಂಥ ದರಿದ್ರ ಬಾಯಿ ನನ್ನದು!

ಅದಾಗಿ ಎರಡೇ ದಿನಕ್ಕೆ ಡಬ್ಬಿ ತುಂಬುವುದು ನಿಂತಿತು. ನಿದ್ದೆ ಬಂತಾ ಎಂದರೆ, "ಬಂತು, ನಿನ್ ಪುಡಿ ಚೆನ್ನಾಗಿದೆ" ಎನ್ನುತ್ತಿದ್ದಳು. ನಾನು ಹಿಗ್ಗಿದೆ. ಶಾಲೆಯಲ್ಲೂ ಹೇಳಿಕೊಂಡು ತಿರುಗಿದೆ.

ಹೋದ ವಾರ ಹೊದಿಕೆಗೆಂದು ಅವಳ ಬೀರು ತೆಗೆದೆ. ಸೀರೆಗಳ ಹಿಂದೆ ಬಾಯಿ ಕಟ್ಟಿದ ದಿಂಬಿನ ಚೀಲವಿತ್ತು. ಬಿಚ್ಚಿ ನೋಡಿದರೆ ತುಂಬ ಹೂಬತ್ತಿ. ಅದರ ಕೆಳಗೆ ಇನ್ನೂ ಒಂದು ಚೀಲ.

ಮೊದಲಿನಂತೆಯೇ ಕಟ್ಟಿ, ಇದ್ದಲ್ಲೇ ಇಟ್ಟೆ. ಅಡುಗೆಮನೆಯಿಂದ ಅಮ್ಮ "ಸಿಕ್ತಾ?" ಎಂದು ಕೂಗಿದಳು. ಇಲ್ಲ ಎಂದೆ.