ಮೂರನೆಯ ಹಲೋ

ಸತ್ತವರು ಕರೆಯುತ್ತಾರೆ, ಗಾಳಿ ಬಡಿಯುತ್ತದೆ ಎಂಬ ಮಾತನ್ನು ನಾನು ನಂಬಿದವನಲ್ಲ. ಬಂಕಾಪುರದ ಹೆದ್ದಾರಿ ಪಕ್ಕ ಪಾನ್ ಅಂಗಡಿ ಇಟ್ಟುಕೊಂಡು ಬದುಕಿದವನು ನಾನು. ಲಾರಿ ಡ್ರೈವರುಗಳು ಎಲೆ ಕಟ್ಟಿಸಿಕೊಳ್ಳುತ್ತ ಹೇಳುವ ದೆವ್ವದ ಕಥೆಗಳನ್ನು ಕೇಳಿ ಕೇಳಿ, ಈ ದೆವ್ವಗಳಿಗೆ ಲಾರಿಯವರೇ ಯಾಕೆ ಬೇಕು, ಬಸ್ಸಿನವರು ಯಾಕೆ ಬೇಡ ಎಂದು ನಗುತ್ತಿದ್ದೆ. ಈಗ ಅಂಥದೇ ಒಂದನ್ನು ನಾನು ಬರೆಯಲು ಕುಳಿತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ನಾನು ಕಲಿತದ್ದು ನಾಲ್ಕನೆಯ ತರಗತಿವರೆಗೆ. ಕಾಗುಣಿತವನ್ನು ಸೊಸೆ ಶೋಭಾ ತಿದ್ದಿದ್ದಾಳೆ, ನಡೆದದ್ದನ್ನು ಯಾರೂ ತಿದ್ದಿಲ್ಲ.

ಮೊದಲು ನನ್ನ ಮೊಮ್ಮಗಳ ಸುದ್ದಿ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದು ನನ್ನ ಕೈಯಿಂದ ಬರುವುದಿಲ್ಲ. ಮಗ ಸೊಸೆ ಅವಳಿಗೆ ಆರಾಧ್ಯ ಎಂದು ಹೆಸರಿಟ್ಟಿದ್ದಾರೆ. ನನ್ನ ನಾಲಗೆ ಅದಕ್ಕೆ ಹೊರಳುವುದಿಲ್ಲ, ನಾನು ಗುಬ್ಬಿ ಎನ್ನುತ್ತೇನೆ. ಅವಳು ಮೊದಲ ಸಲ ನನ್ನ ಮೀಸೆ ಹಿಡಿದು ಎಳೆದ ದಿನ, ನೋವಿಗೆ ಕಣ್ಣಲ್ಲಿ ನೀರು ಬಂದರೂ ಬಿಡಿಸಿಕೊಳ್ಳಲಿಲ್ಲ. ಓಣಿಯಲ್ಲಿ ಸಿಕ್ಕವರಿಗೆಲ್ಲ ಅವಳಿಗೆ ಹಲ್ಲು ಬಂದದ್ದನ್ನು ಹೇಳಿದೆ. ಹೇಳಿದವರಿಗೇ ಮತ್ತೆ ಹೇಳಿದೆ. ಇಷ್ಟು ಸಂತೋಷ ನನ್ನ ಹಣೆಯಲ್ಲಿ ಬರೆದಿತ್ತೆಂದು ನನಗೆ ಗೊತ್ತಿರಲಿಲ್ಲ. ಆದರೆ ಅವಳನ್ನು ಎತ್ತಿಕೊಂಡಾಗಲೆಲ್ಲ ಒಂದು ಕೊರತೆ ಎದೆಯಲ್ಲಿ ಚುಚ್ಚುತ್ತಿತ್ತು. ಅವಳ ಅಜ್ಜಿ, ನನ್ನ ಹೆಂಡತಿ ನೀಲವ್ವ, ಅವಳು ಹುಟ್ಟುವ ಮೊದಲೇ ತೀರಿಕೊಂಡಳು. ಗುಬ್ಬಿಗೆ ಅಜ್ಜಿಯ ಫೋಟೋ ತೋರಿಸಬಹುದು. ದನಿ ಎಲ್ಲಿಂದ ತರಲಿ?

ಆ ದನಿ ಇದ್ದರೆ ನನ್ನ ಕ್ಯಾಸೆಟ್ಟುಗಳಲ್ಲಿ ಇರಬೇಕಿತ್ತು.

ಡಿಶ್ ಬರುವುದಕ್ಕೆ ಮುಂಚೆ ನಮ್ಮ ಕಡೆ ಕೇಬಲ್ಲಿನಲ್ಲಿ ರಾತ್ರಿ ಹೊತ್ತು ಒಂದು ಕಾರ್ಯಕ್ರಮ ಬರುತ್ತಿತ್ತು. ಹೆಸರು 'ನಿದ್ದಿ ಬಂತೇನ್ರಿ?' ಶಿಗ್ಗಾಂವಿಯ ಒಂದು ಸಣ್ಣ ಕೋಣೆಯಲ್ಲಿ ಹಸಿರು ಪರದೆ ಕಟ್ಟಿ, ಮುಂದೊಂದು ಟೇಬಲ್ಲು, ಅದರ ಮೇಲೊಂದು ಫೋನು ಇಟ್ಟು ಒಬ್ಬ ಮನುಷ್ಯ ಕೂರುತ್ತಿದ್ದ. ಫೋನ್ ಮಾಡಿದವರ ಜೊತೆ ಹರಟುತ್ತಿದ್ದ, ಒಗಟು ಕೇಳುತ್ತಿದ್ದ, ಹಾಡು ಹಾಕುತ್ತಿದ್ದ. ಟೀವಿಯಲ್ಲಿ ಯಾರಾದರೂ ನಮ್ಮ ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. 'ಹುಲಗೂರಿನಾಗ ಇನ್ನೂ ಯಾರ ಎಚ್ಚರ ಅದೀರಿ? ಹಾನಗಲ್ಲಿನವರು ಉಂಡ್ರೇನ?' ಎಂದು ಊರೂರು ಹೆಸರು ಹಿಡಿದು ಕೇಳುತ್ತಿದ್ದ. ಅಂಗಡಿ ಮುಚ್ಚಿ ಬಂದು ಕೈಯ ಸುಣ್ಣ ತೊಳೆಯುವ ಮೊದಲೇ ನಾನು ಟೀವಿ ಹಚ್ಚುತ್ತಿದ್ದೆ. ಮಾತು ಮುಗಿದರೆ ಗಾಳಿಗೆ ಹೋಗಿಬಿಡುತ್ತದಲ್ಲ ಎಂಬ ಸಂಕಟಕ್ಕೆ ಒಂದು ಹಳೆಯ ವಿಸಿಆರ್ ತಂದು, ಬಂದದ್ದನ್ನೆಲ್ಲ ಕ್ಯಾಸೆಟ್ಟಿಗೆ ತುಂಬತೊಡಗಿದೆ. ಕ್ಯಾಸೆಟ್ಟಿನ ಬೆನ್ನ ಮೂಲೆಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ತುಂಡು ಇರುತ್ತದೆ. ನಾವು ಅದಕ್ಕೆ ಕಿವಿ ಎನ್ನುತ್ತಿದ್ದೆವು. ಕಿವಿ ಮುರಿದರೆ ಅದರ ಮೇಲೆ ಬೇರೆ ಏನನ್ನೂ ತುಂಬಲು ಬರುವುದಿಲ್ಲ, ಅದಕ್ಕೆ ಹೊಸದೇನೂ ಕೇಳಿಸುವುದಿಲ್ಲ. ನಾನು ಎಲ್ಲವುಗಳ ಕಿವಿ ಮುರಿದು ಟ್ರಂಕಿನಲ್ಲಿ ಜೋಡಿಸಿದೆ.

ಅದರಲ್ಲಿ ಗುರುವಾರದ ದಿನ ಹೆಣ್ಣುಮಕ್ಕಳ ಪಾಳಿ. ಫೋನ್ ಮಾಡಿ ಒಡಪು ಹೇಳಬೇಕು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ, ಒಡಪಿನ ಪ್ರಾಸದಲ್ಲಿ ಸೇರಿಸಿ ಮಾತ್ರ ಹೇಳುತ್ತಾಳೆ. ಒಮ್ಮೆ ಹಿರೇಕೆರೂರಿನ ಒಬ್ಬಾಕೆ ಹೇಳಿದ್ದು ನನಗೆ ಇನ್ನೂ ಬಾಯಿಪಾಠ ಇದೆ: 'ಬೆಲ್ಲದ ಆಣ, ಎಮ್ಮಿ ಬೆಣ್ಣಿ, ಹಂಚಿನ ಮ್ಯಾಲ ರೊಟ್ಟಿ, ರುದ್ರಪ್ಪನವರ ಹೆಸರ ಹೇಳೇನಿ, ಬಿಡ್ರಿ ಬಾಗಲ ಕಟ್ಟಿ.'

ನೀಲವ್ವ ನಮ್ಮ ಮದುವೆಯಲ್ಲಿ ಒಡಪು ಹೇಳಿರಲಿಲ್ಲ. ಹೆಂಗಸರು ಬಾಗಿಲಲ್ಲಿ ಅಡ್ಡಗಟ್ಟಿದಾಗ ನಾಚಿ ಅತ್ತುಬಿಟ್ಟಳಂತೆ, ಹಾಗೇ ಒಳಗೆ ಬಿಟ್ಟರು. ನನ್ನ ಹೆಸರು ಬಸಪ್ಪ. ಅದನ್ನು ಅವಳ ಬಾಯಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ಈ ಗುರುವಾರದ ಕಾರ್ಯಕ್ರಮ ನೋಡಿ ನೋಡಿ ಅವಳು ರೊಟ್ಟಿ ಬಡಿಯುತ್ತ ತನ್ನಷ್ಟಕ್ಕೆ ತಾನು ಒಂದು ಒಡಪು ಕಟ್ಟಿಕೊಂಡಿದ್ದಳು. ನನಗೆ ಹೇಳು ಎಂದರೆ ಇಲ್ಲ.

'ಟೀವ್ಯಾಗ ಹೇಳತೇನಿ, ನಾಕ ಊರು ಕೇಳ್ಲಿ. ನಿಮಗೊಬ್ಬರಿಗ ಹೇಳಿದ್ರ ಏನ ಬಂತು?'

'ಬಸಪ್ಪಗ ಯಾವ ಪ್ರಾಸ ಹಚ್ಚಿದಿ? ಉಪ್ಪೋ, ತುಪ್ಪೋ?'

'ತುಪ್ಪ ಅನ್ನೂವಂಥಾದ್ದು ನೀವೇನ ಮಾಡೀರಿ?' ಎಂದು ನಗುತ್ತಿದ್ದಳು.

ಆದರೆ ನೀಲವ್ವನದು ಒಂದು ಪದ್ಧತಿ ಇತ್ತು. ಅವಳ ತವರು ಮಾಸೂರು, ಮದಗದ ಕೆರೆಯ ದಂಡೆ. ದೀಪ ಹಚ್ಚಿದ ಮೇಲೆ ಯಾರು ಕರೆದರೂ ಮೂರನೆಯ ಸಲ ಕರೆಯುವ ತನಕ ಓ ಎನ್ನಬಾರದು ಎಂದು ಅವಳ ಅವ್ವ ಕಲಿಸಿದ್ದಳು. ಸತ್ತವರು ಎರಡೇ ಸಲ ಕರೆಯುತ್ತಾರೆ, ಮೂರನೆಯದಕ್ಕೆ ಅವರಲ್ಲಿ ಉಸಿರು ಇರುವುದಿಲ್ಲವಂತೆ. ನಾನು ರಾತ್ರಿ ಅಂಗಡಿಯಿಂದ ಬಂದು ಕದದ ಹೊರಗೆ ನಿಂತು ಕರೆದರೂ ಅಷ್ಟೇ, ಎರಡು ಸಲಕ್ಕೆ ಒಳಗೆ ಮಿಸುಕುವುದಿಲ್ಲ. ಮೂರನೆಯದಕ್ಕೆ 'ಓ'. ಆ ಓ ಬೇರೆಯವರ ಹಾಗಲ್ಲ, ಬಾವಿಯೊಳಗಿಂದ ಕೊಡ ಮೇಲೆ ಬಂದ ಹಾಗೆ, ಕೆಳಗಿನಿಂದ ಎದ್ದು ಬರುತ್ತಿತ್ತು.

ಒಂದು ಗುರುವಾರ ಅವಳಿಗೆ ಲೈನ್ ಸಿಕ್ಕಿತು. ನಾನು ವಿಸಿಆರ್ ಒತ್ತಿ ತಯಾರಾಗಿ ಕುಳಿತೆ. ಟೀವಿಯಲ್ಲಿ ಅವನು 'ಹಲೋ, ಯಾರ್ರಿ ಅವ್ವಾರ?' ಎಂದ. ನೀಲವ್ವ ಫೋನ್ ಕಿವಿಗೆ ಒತ್ತಿಕೊಂಡು ಸುಮ್ಮನೆ ನಿಂತಳು. ನಾನು ಮಾತಾಡು ಎಂದು ಕೈ ಮಾಡಿದೆ. 'ಹಲೋ' ಎಂದು ಅವನು ಮತ್ತೊಮ್ಮೆ ಅಂದ. ನೀಲವ್ವ ನನಗೆ ಒಂದು ಬೆರಳು ತೋರಿಸಿದಳು, ಇನ್ನೊಂದು ಬಾಕಿ ಎಂದು. ಅಷ್ಟರಲ್ಲಿ ಅವನು, 'ಲೈನ್ ಕಟ್ ಆಗೇತಿ ಬಿಡ್ರಿ, ಹಾಡ ಕೇಳೂಣು' ಎಂದು ಇಟ್ಟುಬಿಟ್ಟ.

'ಅಲ್ಲ, ಯಾಕ ಮಾತಾಡಲಿಲ್ಲ ನೀ?'

'ಎರಡ ಸಲ ಅಂದಾನ್ರಿ ಅವ.'

'ಅವ ಕಣ್ಣಿಗೆ ಕಾಣತಾನಲ್ಲ, ಸತ್ತಾನೇನ?'

'ಪೆಟಗಿ ಒಳಗಿನ ಮಂದಿ. ಇದ್ದಾರೋ ಸತ್ತಾರೋ ನನಗೇನ ಗೊತ್ತ್ರಿ?'

ಆಮೇಲೆಯೂ ಕೆಲವು ಸಲ ಲೈನ್ ಸಿಕ್ಕಿತು. ಪ್ರತಿ ಸಲವೂ ಇದೇ ಕಥೆ. ಅವನಿಗೆ ಮೂರನೆಯ ಹಲೋ ಅನ್ನುವಷ್ಟು ತಾಳ್ಮೆ ಇರಲಿಲ್ಲ, ಅವಳಿಗೆ ಎರಡನೆಯದಕ್ಕೆ ಬಾಯಿ ತೆರೆಯುವ ಧೈರ್ಯ ಇರಲಿಲ್ಲ. ನಾನು ಅದನ್ನೆಲ್ಲ ತುಂಬಿಟ್ಟುಕೊಂಡೆ. ನಗುವ ಮಾತೇ ಅದು. ನನ್ನ ಹತ್ತಿರ ಉಳಿದದ್ದು ನನ್ನ ಹೆಂಡತಿ ಮಾತಾಡದೆ ಇದ್ದದ್ದರ ದಾಖಲೆ. ಸರಿಯಾಗಿ ಕಿವಿಗೊಟ್ಟರೆ, ಅವನ ಎರಡನೆಯ ಹಲೋ ಹಿಂದೆ, ಫೋನ್ ಹಿಡಿದ ಕೈಯ ಬಳೆ ಒಮ್ಮೆ ಕಿಣ್ ಎನ್ನುತ್ತಿತ್ತು. ಅಷ್ಟೇ ಅವಳು.

ಕಾರ್ಯಕ್ರಮ ನಿಂತುಹೋಯಿತು. ಅದನ್ನು ನಡೆಸುತ್ತಿದ್ದ ಮನುಷ್ಯ ಕೆಲವು ವರ್ಷಗಳ ಮೇಲೆ ತೀರಿಕೊಂಡ. ಕೇಬಲ್ಲಿನವರ ಹತ್ತಿರ ಒಂದು ತುಣುಕೂ ಉಳಿದಿಲ್ಲ. ಆಮೇಲೆ ನೀಲವ್ವ. ಅವಳು ಹೋದ ಬೆಳಗ್ಗೆ ನಾನು ಮೂರಲ್ಲ, ಗಂಟಲು ಹರಿಯುವ ತನಕ ಕರೆದೆ. ಓ ಎನ್ನಲಿಲ್ಲ. ಒಡಪು ಅವಳ ಜೊತೆಗೇ ಹೋಯಿತು.

ಗುಬ್ಬಿ ಹುಟ್ಟಿದ ಮೇಲೆ ನಾನು ಟ್ರಂಕು ತೆಗೆದೆ. ಆ ಬಳೆಯ ಸದ್ದನ್ನಾದರೂ ಕೂಸಿಗೆ ಕೇಳಿಸಬೇಕು ಎಂಬ ಆಸೆ. ತೆಗೆದು ನೋಡಿದರೆ ರೀಲಿನ ಮೇಲೆಲ್ಲ ಬಿಳಿ ಬೂಷ್ಟು. ಸವಣೂರಿನ ಖಾದರಸಾಬ ಹಳೆಯ ಟೀವಿ ರಿಪೇರಿಯವನು, ನಾನು ಅಂಗಡಿಗೆ ಎಲೆ ತರಲು ಹೋಗುತ್ತಿದ್ದಾಗಿನಿಂದ ಪರಿಚಯ. ಟ್ರಂಕು ಹೊತ್ತು ಅವನಲ್ಲಿಗೆ ಹೋದೆ. ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ ಬದಿಗಿಟ್ಟ.

'ಕಾಕಾ, ಇವು ಕ್ಯಾಸೆಟ್ ಅಲ್ಲ, ಹೆಣ. ಹಾಕಿದ್ರ ಮ್ಯಾಲಿನ ಪದರ ಕಿತ್ತ ಬರತೈತಿ.'

'ಒಂದೂ ಬದುಕೂದಿಲ್ಲೇನಪಾ?'

ಕೊನೆಗೆ ಒಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿದ. 'ಇದೊಂದು ಓಡಬಹುದು. ಭಾಳ ಆಸೆ ಇಟ್ಕೋಬ್ಯಾಡ್ರಿ. ಒಂದ ಸಲ ನೋಡ್ರಿ, ಮನಸು ತುಂಬಿಕೊಳ್ರಿ.' ನನ್ನ ವಿಸಿಆರನ್ನೂ ಒರೆಸಿ ಕೊಟ್ಟ.

ಅದು ಹೋದ ವರ್ಷದ ಶ್ರಾವಣ. ಮಧ್ಯಾಹ್ನ ಉಂಡಾದ ಮೇಲೆ, ಮೋಡ ಕವಿದಿತ್ತು. ಮಗ ಟೆಂಪೋ ತೆಗೆದುಕೊಂಡು ಹೋಗಿದ್ದ, ಶೋಭಾ ಹಿಂದೆ ಪಾತ್ರೆ ತೊಳೆಯುತ್ತಿದ್ದಳು. ನಾನು ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕ್ಯಾಸೆಟ್ ಹಾಕಿದೆ. ಚಿತ್ರದಲ್ಲಿ ಬರೀ ಪಟ್ಟೆ ಪಟ್ಟೆ. ನಡುವೆ ಹಸಿರು ಪರದೆ, ಅವನ ಅರ್ಧ ಮುಖ. ಹಾಡು ಅಳುತ್ತಿರುವಂತೆ ಎಳೆದೆಳೆದು ಬಂತು. ನಾನು ಬಳೆಗಾಗಿ ಕಿವಿ ಇಟ್ಟು ಕುಳಿತೆ.

'ಹಲೋ, ಯಾರ್ರಿ ಅವ್ವಾರ?' ಎಂದ ಸತ್ತುಹೋದ ಆ ಮನುಷ್ಯ.

'ಹಲೋ.'

ಆಗ ಗುಬ್ಬಿ ಪಕ್ಕದಲ್ಲಿದ್ದ ರಿಮೋಟನ್ನು ಎತ್ತಿ ಕಿವಿಗೆ ಇಟ್ಟುಕೊಂಡಳು. ಶೋಭಾ ತನ್ನ ತವರಿಗೆ ಫೋನ್ ಮಾಡುವುದನ್ನು ನೋಡಿ ಕಲಿತ ಆಟ ಅದು. ಟೀವಿಯ ಕಡೆ ಮುಖ ಮಾಡಿ, ಜೊಲ್ಲು ಸುರಿಸುತ್ತ, 'ಹಯೋ' ಎಂದಳು.

ಟೀವಿಯೊಳಗಿಂದ 'ಓ' ಎಂದು ಬಂತು.

ಇದಕ್ಕಿಂತ ಹೆಚ್ಚು ಹೇಗೆ ಹೇಳಬೇಕೋ ನನಗೆ ತಿಳಿಯದು. ಕೆಳಗಿನಿಂದ ಎದ್ದು ಬರುವ ಆ ಓ. ಅದರ ಹಿಂದೆ ಬಳೆ ಕಿಣ್ ಎಂದಿತು. ಆಮೇಲೆ ಮಾತು ಶುರು ಮಾಡುವವರು ಎದೆ ತುಂಬ ಉಸಿರು ಎಳೆದುಕೊಳ್ಳುತ್ತಾರಲ್ಲ, ಆ ಸದ್ದು. ಒಡಪು ಹೇಳುವ ಮೊದಲು ಹೆಂಗಸರೆಲ್ಲ ಹಾಗೇ ಎಳೆದುಕೊಳ್ಳುತ್ತಾರೆ. ನಾನು ಕೂಸನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಷ್ಟರಲ್ಲಿ ವಿಸಿಆರ್ ಕರಕರ ಎಂದು ರೀಲನ್ನು ನುಂಗಿತು, ಪರದೆ ನೀಲಿಯಾಯಿತು.

ನನ್ನ ಕೂಗಿಗೆ ಶೋಭಾ ಒದ್ದೆ ಕೈಯಲ್ಲೇ ಓಡಿ ಬಂದಳು.

'ಯಾಕ್ರಿ ಮಾವಾರ, ಎದಿ ನೋವೇನ್ರಿ?'

'ಈಗ ಓ ಅಂತ ಕೇಳಸ್ತಿಲ್ಲೋ ನಿನಗ?'

ಅವಳು ಗುಬ್ಬಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. 'ಏನೋ ಕೇಳಸ್ತ್ರಿ. ಕ್ವಾಟಿ ಕಡಿ ನವಿಲು ಕೂಗಿರಬೇಕು.'

ಕೋಟೆಯಲ್ಲಿ ನವಿಲುಗಳಿರುವುದು ನಿಜ. ಮೋಡ ಕಂಡರೆ ಕೂಗುವುದೂ ನಿಜ. ಹುಟ್ಟಿದಾಗಿನಿಂದ ನಾನು ಆ ಕೂಗು ಕೇಳುತ್ತ ಬಂದವನು. ನವಿಲಿನ ಕೈಯಲ್ಲಿ ಬಳೆ ಇರುವುದಿಲ್ಲ ಎಂದೆ. ಅವಳು ಕೂಸಿನ ಜೊಲ್ಲು ಒರೆಸುತ್ತ ಒಳಗೆ ಹೋದಳು. ಇದನ್ನು ಬರೆಯುವಾಗ ಮಾತ್ರ, 'ನವಿಲಿನ ಮಾತೂ ಹಾಕ್ರಿ ಮಾವಾರ, ಓದಿದವರಿಗೆ ಎರಡೂ ಕಡಿ ಗೊತ್ತಾಗ್ಲಿ' ಎಂದಳು. ಹಾಕಿದ್ದೇನೆ.

ಮರುದಿನ ಸಿಕ್ಕಿಕೊಂಡ ರೀಲು ಸಮೇತ ಸವಣೂರಿಗೆ ಹೋದೆ. ಖಾದರಸಾಬ ಸುಕ್ಕು ಬಿಡಿಸಿ, ಹರಿದಲ್ಲಿ ಜೋಡಿಸಿ, ತನ್ನ ಮಶೀನಿಗೆ ಹಾಕಿದ. 'ಹಲೋ, ಯಾರ್ರಿ ಅವ್ವಾರ? ಹಲೋ. ಲೈನ್ ಕಟ್ ಆಗೇತಿ ಬಿಡ್ರಿ.' ಎರಡನೆಯ ಹಲೋಗೂ ಲೈನ್ ಕಟ್‌ಗೂ ನಡುವೆ ಒಂದು ಓ ಹಿಡಿಸುವಷ್ಟು ಜಾಗವೇ ಇರಲಿಲ್ಲ. ಬಳೆ ಕೂಡ ಅಳಿಸಿಹೋಗಿತ್ತು. ಇನ್ನೊಮ್ಮೆ ಹಾಕು ಎಂದೆ. ಇನ್ನೊಮ್ಮೆ ಹಾಕುವಷ್ಟರಲ್ಲಿ ಕಪ್ಪು ಪುಡಿ ಉದುರಿ, ಅವನ ದನಿಯೂ ಹೋಗಿ, ಬರೀ ಸುಯ್ ಎಂದು ಉಳಿಯಿತು.

ಖಾದರಸಾಬ ಕ್ಯಾಸೆಟ್ಟಿನ ಬೆನ್ನು ತಿರುಗಿಸಿ ನೋಡಿದ. 'ಕಿವಿ ಮುರದೈತಲ್ಲ ಕಾಕಾ. ಇದರಾಗ ಹೊಸದೇನೂ ಕುಂದ್ರಾಕ ಸಾಧ್ಯ ಇಲ್ಲ.' ಅದನ್ನು ನನ್ನ ಕೈಗಿಟ್ಟು, 'ಚಾ ಕುಡೀರಿ' ಎಂದ.

ಉಳಿದ ಕ್ಯಾಸೆಟ್ಟುಗಳನ್ನೂ ಹಟ ಹಿಡಿದು ಹಾಕಿಸಿ ನೋಡಿದೆ, ಒಂದೊಂದಾಗಿ ಹೋದವು. ಇನ್ನು ಎಲ್ಲಿಯೂ ಏನೂ ಇಲ್ಲ, ಹುಡುಕುವ ಜಾಗವೂ ಇಲ್ಲ. ಒಡಪಿನಲ್ಲಿ ಅವಳು ನನ್ನ ಹೆಸರಿಗೆ ಏನು ಜೋಡಿಸಿದ್ದಳೋ ನಾನು ಸಾಯುವ ತನಕ ತಿಳಿಯುವುದಿಲ್ಲ. ಆ ಮಧ್ಯಾಹ್ನ ನಾನು ಕೇಳಿದ್ದು ಏನು ಎಂಬುದೂ ತಿಳಿಯುವುದಿಲ್ಲ. ಗಂಟಲು ಹರಿಯುವಂತೆ ಕರೆದಾಗ ಬಾರದವಳು, ತಾನು ನೋಡದ ಕೂಸಿನ ಒಂದು ಹಯೋಗೆ ಯಾಕೆ ಬಂದಳು? ಬಂದದ್ದೇ ನಿಜವಾದರೆ, ಅಷ್ಟಕ್ಕೇ ಯಾಕೆ ನಿಂತಳು?

ಗುಬ್ಬಿ ಈಗ ಚೆನ್ನಾಗಿ ಮಾತಾಡುತ್ತಾಳೆ. ಅಜ್ಜಾ ಎಂದು ಕೂಗಿದರೆ ಓಣಿಯ ಆ ತುದಿಗೆ ಕೇಳಬೇಕು. ಹಗಲಾದರೆ ಮೊದಲ ಕೂಗಿಗೇ ಓ ಎನ್ನುತ್ತೇನೆ. ದೀಪ ಹಚ್ಚಿದ ಮೇಲೆ ಮಾತ್ರ ನನ್ನ ಬಾಯಿ ತಾನಾಗಿ ಕಟ್ಟಿಕೊಳ್ಳುತ್ತದೆ. ಅವಳು ಒಂದು ಸಲ ಕರೆಯುತ್ತಾಳೆ, ಎರಡು ಸಲ ಕರೆಯುತ್ತಾಳೆ, ನಾನು ಉಸಿರು ಹಿಡಿದು ಕುಳಿತಿರುತ್ತೇನೆ. 'ಕಿವುಡ ಆಗೀಯೇನ ಅಜ್ಜಾ?' ಎಂದು ಬೈದು, ಅವಳು ಮೂರನೆಯ ಸಲವೂ ಕರೆಯುತ್ತಾಳೆ. ಇಲ್ಲಿಯವರೆಗೆ ಒಂದು ದಿನವೂ ತಪ್ಪಿಸಿಲ್ಲ.