ಹಾರುವ ಹವಾಲ್ದಾರನ ಪುಸ್ತಕಕ್ಕೆ ಯಾರ ಹೆಸರು

ಕಾಮಿಕ್ಸ್ ಅಂದರೆ ಹುಡುಗರ ಓದು ಎನ್ನುವವರು ಆ ಮಾತನ್ನು ನಮ್ಮಪ್ಪನ ಎದುರು ಹೇಳಿ ನೋಡಬೇಕು. ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆ. ಬೇರೆಯವರ ಮನೆಯಲ್ಲಿ ಸೀರೆಯ ಬಾಕ್ಸಿನೊಳಗೆ ಸೀರೆ ಇರುತ್ತದೆ, ನಮ್ಮಲ್ಲಿ ಚಿತ್ರಕಥೆಯ ಪುಸ್ತಕಗಳು, ನಡುನಡುವೆ ಬೇವಿನೆಲೆ. ಅವನ್ನು ಮುಟ್ಟಬೇಕಾದರೆ ಕೈ ತೊಳೆದು ಒರೆಸಿಕೊಂಡು ಬರಬೇಕು. ದೇವರ ಜಗಲಿಗೂ ಇಷ್ಟು ಮಡಿ ಇಲ್ಲ ಎಂದು ಅವ್ವ ಗೊಣಗುತ್ತಾಳೆ.

ಮುಧೋಳದಲ್ಲಿ ಅಪ್ಪನ ಗೆಳೆಯರೊಬ್ಬರಿದ್ದಾರೆ, ನಾವು ಕಾಕಾ ಅನ್ನುತ್ತೇವೆ. ಅವರಿಗೂ ಇದೇ ಹುಚ್ಚು. ಹಾರುವ ಹವಾಲ್ದಾರ ಎಂಬ ಕಾಮಿಕ್ಸ್ ನಾಯಕನ ಚಿತ್ರ ಬರೆದ ಹಿರಿಯ ಕಲಾವಿದರಿಂದ ಕಾಕಾ ಒಂದು ಪುಸ್ತಕಕ್ಕೆ ಸಹಿ ಹಾಕಿಸಿಕೊಂಡಿದ್ದಾರೆ. ಬರೀ ಸಹಿಯಲ್ಲ, ಮೇಲೆ ‘ಪ್ರೀತಿಯ’ ಎಂದು ಬರೆದು ಕಾಕಾನ ಪೂರ್ತಿ ಹೆಸರು. ಅದು ವಾರಕ್ಕೊಮ್ಮೆ ಅವರ ವಾಟ್ಸಾಪ್ ಸ್ಟೇಟಸ್ಸಿಗೆ ಏರುತ್ತದೆ. ಅಪ್ಪ ಅದನ್ನು ನೋಡಿದ ದಿನ ನಾವು ಯಾರೂ ಅವನನ್ನು ಮಾತಾಡಿಸುವುದಿಲ್ಲ.

ಹೋದ ವರ್ಷ ಬೆಂಗಳೂರಿನಲ್ಲಿ ಕಾಮಿಕ್ಸ್ ಅಭಿಮಾನಿಗಳ ದೊಡ್ಡ ಸಮಾವೇಶ, ಆ ಕಲಾವಿದರೂ ಬರುತ್ತಾರೆ ಎಂದು ಸುದ್ದಿ ಬಂತು. ವಯಸ್ಸಾಗಿದೆ, ಇನ್ನು ಮುಂದೆ ಸಹಿ ಹಾಕಲು ಎಲ್ಲಿಗೂ ಹೋಗುವುದಿಲ್ಲ ಎಂದು ಅವರೇ ಹೇಳಿದ್ದರಂತೆ. ಅಪ್ಪ ಬಸ್ಸಿನ ಟಿಕೆಟ್ ತೆಗೆಸಿದ. ಹೊರಡುವ ನಾಲ್ಕು ದಿನ ಮೊದಲು ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡ. ಜಮಖಂಡಿಯ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕುವಾಗ ಅವನು ಅತ್ತನಲ್ಲ, ಅದು ಕಾಲಿನ ನೋವಿಗಲ್ಲ.

ಕೊನೆಗೆ ನಾನೂ ಅವ್ವನೂ ಹೊರಟೆವು. ಹವಾಲ್ದಾರನ ಮೊಟ್ಟಮೊದಲ ಪುಸ್ತಕವನ್ನು ಅಪ್ಪ ನನ್ನ ಕೈಗೆ ಕೊಡಲಿಲ್ಲ, ಅವ್ವನ ಕೈಗೆ ಕೊಟ್ಟ. ಚಿಕ್ಕವಳಿದ್ದಾಗ ನಾನು ಅವನ ಪುಸ್ತಕದ ರಾಜಕುಮಾರಿಯೊಬ್ಬಳಿಗೆ ಪೆನ್ನಿನಿಂದ ಮೀಸೆ ಬರೆದಿದ್ದೆ. ಈಗ ಬೀಳಗಿಯ ಬ್ಯಾಂಕೊಂದರ ತಿಜೋರಿಯ ಕೀಲಿ ನನ್ನ ಕೈಯಲ್ಲಿದೆ, ಆದರೆ ಅಪ್ಪನ ಲೆಕ್ಕದಲ್ಲಿ ನಾನು ಇನ್ನೂ ಆ ಮೀಸೆಯವಳೇ.

“ಬರೇ ಸಹಿ ತರಬ್ಯಾಡ್ರಿ ಮತ್ತ, ಹೆಸರ ಹಾಕಿಸ್ಕೊಂಡ ಬರ್ರಿ. ಇಲ್ಲಂದ್ರ ಆ ಮುಧೋಳದಾವ ನನ್ನ ಬದುಕಗೊಡೂದಿಲ್ಲ” ಎಂದ.

ಸಮಾವೇಶಕ್ಕೆ ಬಹಳ ಜನ ಕಾಮಿಕ್ಸ್ ಪಾತ್ರಗಳ ವೇಷ ಹಾಕಿಕೊಂಡು ಬಂದಿದ್ದರು, ಗಂಡಸರಿಗೆ ಬಾಲ, ಹೆಣ್ಣುಮಕ್ಕಳ ಕೈಯಲ್ಲಿ ಆಳುದ್ದ ಕತ್ತಿ. ಇವರಿಗೆಲ್ಲ ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲವೇ ಎಂದು ಅವ್ವ ಮರುಗಿದಳು. ಇಳಕಲ್ ಸೀರೆಯ ಅವ್ವನನ್ನು ಯಾವ ವೇಷವೆಂದು ತಿಳಿದರೋ ಏನೋ, ಇಬ್ಬರು ಹುಡುಗಿಯರು ಬಂದು ಅವಳ ಜೊತೆ ಫೋಟೋ ತೆಗೆಸಿಕೊಂಡರು. ಅವ್ವ ಸೆರಗು ಸರಿಮಾಡಿಕೊಂಡು ಗಂಭೀರವಾಗಿ ನಿಂತಳು.

ಸಹಿಯ ಮೇಜಿನ ಹತ್ತಿರ ಪುಸ್ತಕ ಹಿಡಿದವರಿಗಷ್ಟೇ ಪ್ರವೇಶ. ನಾನು ಚೀಲ ಹೊತ್ತುಕೊಂಡು ಹಗ್ಗದ ಹೊರಗೆ ನಿಂತೆ. ಅವ್ವನ ಹಿಂದೆ ಮೈಯೆಲ್ಲ ಹಸಿರು ಬಳಿದುಕೊಂಡ ಒಬ್ಬ ರಾಕ್ಷಸ, ಬೆನ್ನಿಗೆ ರಟ್ಟಿನ ರೆಕ್ಕೆ. ಆ ರೆಕ್ಕೆಯ ಮರೆಯಲ್ಲಿ ನನಗೆ ಏನೂ ಕಾಣಲಿಲ್ಲ. ಅಲ್ಲಿ ನಡೆದದ್ದನ್ನು ಆಮೇಲೆ ಅವ್ವನೇ ಹೇಳಿದಳು.

ಕಲಾವಿದರು ಪುಸ್ತಕ ನೋಡಿ ಬಹಳ ಸಂತೋಷಪಟ್ಟು, ಯಾರ ಹೆಸರಿಗೆ ಬರೆಯಲಿ ಅಮ್ಮ ಎಂದರಂತೆ. ಅವ್ವ ನಮ್ಮ ಮನಿಯವರ ಹೆಸರಿಗೆ ಎಂದಳಂತೆ. ಅವರ ಹೆಸರೇನು ಎಂದು ಕಲಾವಿದರು ಕೇಳಿದರು. ಅಲ್ಲಿಗೆ ಬಂಡಿ ನಿಂತಿತು.

ಅವ್ವ ಗಂಡನ ಹೆಸರು ಹೇಳುವವಳಲ್ಲ. ಮದುವೆಮನೆಯಲ್ಲಾದರೆ ಪ್ರಾಸ ಕಟ್ಟಿ, ಅದರ ನಡುವೆ ಹೆಸರು ಸೇರಿಸಿ ಒಡಪು ಹಾಕಿ ಬೀಗರನ್ನೆಲ್ಲ ನಗಿಸಿಬಿಡುತ್ತಾಳೆ. ಬೇರೆ ಕಡೆ ಯಾರಾದರೂ ಕೇಳಿದರೆ ಪಕ್ಕದಲ್ಲಿ ನಿಂತವರ ಮುಖ ನೋಡುತ್ತಾಳೆ, ಪಕ್ಕದವರು ಹೇಳುತ್ತಾರೆ. ಅವತ್ತೂ ರೂಢಿಯ ಪ್ರಕಾರ ಪಕ್ಕಕ್ಕೆ ನೋಡಿದಳು. ಹಿಂದಿನಿಂದ ಒತ್ತಿಕೊಂಡು ಅಲ್ಲಿಗೆ ಬಂದಿದ್ದವನು ಆ ಹಸಿರು ರಾಕ್ಷಸ. ಬನಹಟ್ಟಿಯ ನಮ್ಮಪ್ಪನ ಹೆಸರು ಪಾಪ ಅವನಿಗೇನು ಗೊತ್ತು!

ಹಿಂದಿನವರು ಅವಸರ ಮಾಡಿದರು. ಹಾಗಾದರೆ ನಿಮ್ಮ ಹೆಸರಾದರೂ ಹೇಳಿ ಎಂದರು ಕಲಾವಿದರು. ಅವ್ವ ತನ್ನ ಹೆಸರು ಹೇಳಿದಳು, ಅವರು ಬರೆದರು.

ಅವ್ವ ಮಸಿ ಆರಲೆಂದು ಊದುತ್ತ, ನಗುತ್ತ ಬಂದಳು. ಪುಸ್ತಕ ತೆರೆದು ನೋಡಿದರೆ ಅಪ್ಪನ ಹೆಸರು ಇರಬೇಕಾದಲ್ಲಿ ಅವ್ವನ ಹೆಸರು. ತಿರುಗಿ ಮೇಜಿನ ಕಡೆ ಓಡಿದೆ, ಕಾವಲಿನ ಹುಡುಗರು ಬಿಡಲಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅಷ್ಟು ಜನರ ನಡುವೆಯೇ, ಊರ ಮದುವೆಯಲ್ಲೆಲ್ಲ ಒಡಪು ಹಾಕುವವಳಿಗೆ ಇಲ್ಲೊಂದು ಹಾಕಲು ಏನು ಧಾಡಿಯಾಗಿತ್ತು ಎಂದು ಕೇಳಿದೆ.

“ಅಲ್ಲೇನ ಬೀಗರ ಕುಂತಿದ್ರೇನ, ಒಡಪ ಹಾಕಾಕ? ರೇಶನ್ ಅಂಗಡ್ಯಾಗ ನನ್ನ ಹೆಸರ ಹೇಳಿದ್ರ ಅವರ ಹೆಸರ ತಾನ ಬರತೈತಿ. ಇಲ್ಲೂ ಹಂಗ ಅಂತ ಮಾಡಿದ್ನಿ” ಎಂದಳು ಅವ್ವ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಪ್ಪ ಫೋನ್ ಮಾಡಿದಾಗ ಸಹಿ ಆಯಿತು ಎಂದಷ್ಟೇ ಹೇಳಿದೆ. ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಳು, ಕಟ್ಟಿಕೊಂಡು ಬಂದಿದ್ದ ರೊಟ್ಟಿಯನ್ನೂ ಮುಟ್ಟಲಿಲ್ಲ. ಅವಳನ್ನು ಹಾಗೆ ಬೈಯಬಾರದಿತ್ತು ಎಂದು ನನಗೆ ಸಂಕಟವಾಯಿತು. ಅದಕ್ಕಿಂತ ದೊಡ್ಡ ಸಂಕಟ ಮನೆಯಲ್ಲಿ ಕಾಲು ಚಾಚಿ ಕೂತಿತ್ತು.

ಅಪ್ಪ ನಮ್ಮನ್ನು ಊಟ ಆಯಿತೇ ಎಂದೂ ಕೇಳಲಿಲ್ಲ, ಪುಸ್ತಕಕ್ಕೆ ಕೈ ಚಾಚಿದ. ಅವ್ವ ಅಡುಗೆಮನೆ ಸೇರಿಕೊಂಡಳು. ಅಪ್ಪ ಕನ್ನಡಕ ಏರಿಸಿ, ಮೊದಲು ತುಟಿಯೊಳಗೇ ಓದಿಕೊಂಡ. ಮುಖ ಸಪ್ಪಗಾಯಿತು. ಆಮೇಲೆ, ನಂಬಿಕೆಯಾಗಲಿಲ್ಲವೋ ಏನೋ, ಗಟ್ಟಿಯಾಗಿ ಓದಿದ. ‘ಪ್ರೀತಿಯ’ ಎಂದ, ಅದರ ಹಿಂದೆಯೇ ಅವ್ವನ ಹೆಸರು ಹೇಳಿದ.

ಅಪ್ಪ ಅವ್ವನನ್ನು ‘ಏ’ ಎಂದದ್ದು ಕೇಳಿದ್ದೇನೆ, ‘ಕೇಳಿಲ್ಲಿ’ ಎಂದದ್ದು, ‘ನಿಮ್ಮವ್ವ ಎಲ್ಲಿ’ ಎಂದದ್ದು ಕೇಳಿದ್ದೇನೆ. ಆ ಹೆಸರು ಅವನ ಬಾಯಿಂದ ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇಲ್ಲಿಯೂ ನಾನು ಅದನ್ನು ಬರೆಯುವುದಿಲ್ಲ.

ಅವ್ವ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ಅವಳ ಪರವಾಗಿ ಏನಾದರೂ ಹೇಳೋಣವೆಂದು ನಾನು ಬಾಯಿ ತೆರೆದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ.

“ಇದರಾಗ ನನ್ನ ಹೆಸರ ಎಲ್ಲೂ ಇಲ್ಲಲಾ” ಎಂದ ಅಪ್ಪ. ದನಿ ಸಣ್ಣಗಾಗಿತ್ತು.

“ಇಲ್ರಿ” ಎಂದಳು ಅವ್ವ. ಸೌಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, “ಇನ್ನೊಮ್ಮೆ ಓದ್ರಿ” ಎಂದಳು.

ಅಪ್ಪ ಅವಳ ಮುಖ ನೋಡಿದ. ಆಮೇಲೆ ಕನ್ನಡಕ ಒರೆಸಿ ಹಾಕಿಕೊಂಡು, ಇನ್ನೊಮ್ಮೆ ಓದಿದ.